ಲಾಂಗ್ ರೈಡಿಗೆ ಬೈಕ್ ಸೀಟು: ಶಿರಸಿಯ ಕುಷನ್ ಅಂಗಡಿಯಲ್ಲಿ ಮಾಡಿಸಿದ್ದು ಹೇಗಿದೆ

ಮೊದಲೇ ಹೇಳಿಬಿಡುತ್ತೇನೆ. ಬೈಕಿನಲ್ಲಿ ದೂರ ಹೋಗುವವರಾದರೆ ಆನ್‌ಲೈನಿನಲ್ಲಿ ಜೆಲ್ ಪ್ಯಾಡು, ಗಾಳಿ ಪ್ಯಾಡು ಅಂತ ಹುಡುಕುವ ಮೊದಲು ಒಬ್ಬ ಒಳ್ಳೆಯ ಸೀಟು ಕೆಲಸದವರನ್ನು ಹುಡುಕಿ. ನನಗೆ ಸಿಕ್ಕಿದ್ದು ಶಿರಸಿಯಲ್ಲಿ, ಯಲ್ಲಾಪುರ ರಸ್ತೆ ಕಡೆ. ಸಣ್ಣ ಅಂಗಡಿ. ಹೊರಗೆ ಆಟೋ ಸೀಟುಗಳ ರಾಶಿ, ಒಳಗೆ ಎರಡು ಹೊಲಿಗೆ ಮಷಿನ್, ಗೋಡೆಗೆ ಒರಗಿಸಿದ ರೆಕ್ಸಿನ್ ಸುರುಳಿ. ಬೋರ್ಡಿನ ಮೇಲೆ ಎಷ್ಟು ಧೂಳು ಅಂದರೆ ಹೆಸರು ಓದಲು ಬರುವುದಿಲ್ಲ.

ನನ್ನದು 350 ಸಿಸಿ ಗಾಡಿ. ಕಂಪನಿ ಯಾವುದು ಅನ್ನೋದು ಇಲ್ಲಿ ಮುಖ್ಯ ಅಲ್ಲ, ಯಾಕೆಂದರೆ ಈ ಸಮಸ್ಯೆ ಹೆಚ್ಚುಕಡಿಮೆ ಎಲ್ಲ ಗಾಡಿಗಳಲ್ಲೂ ಇದೆ. ಮನೆ ಕುಮಟಾದಲ್ಲಿ. ಕಾರವಾರಕ್ಕೋ ಭಟ್ಕಳಕ್ಕೋ ಹೋಗಿ ಬರುವುದಾದರೆ ಯಾವ ಸೀಟಾದರೂ ನಡೆಯುತ್ತದೆ. ತೊಂದರೆ ಶುರುವಾಗುವುದು ಹೊನ್ನಾವರದಲ್ಲಿ ತಿರುಗಿ ಗೇರುಸೊಪ್ಪೆ ಘಾಟಿ ಹತ್ತಿ, ಸಾಗರ, ಶಿವಮೊಗ್ಗ, ಕಡೂರು, ಅರಸೀಕೆರೆ, ತಿಪಟೂರು ಅಂತ ಬೆಂಗಳೂರಿಗೆ ಹೋಗುವಾಗ. 400 ಕಿಲೋಮೀಟರಿಗೂ ಜಾಸ್ತಿ. ಸಾಗರದ ತನಕ ಏನೂ ಇಲ್ಲ, ಹಾಯಾಗಿ ಹೋಗಬಹುದು. ಶಿವಮೊಗ್ಗ ದಾಟಿದ ಮೇಲೆ ಆ ಕಡೆ ಸ್ವಲ್ಪ, ಈ ಕಡೆ ಸ್ವಲ್ಪ ಸರಿದು ಕೂರುವುದು. ಕಡೂರು ಬರುವಷ್ಟರಲ್ಲಿ ರಸ್ತೆ ನೋಡುವುದು ಬಿಟ್ಟು ಮುಂದಿನ ಚಹಾ ಅಂಗಡಿ ಎಲ್ಲಿದೆ ಅಂತ ನೋಡುವುದು.

ಹೀಗೆ ಯಾಕಾಗುತ್ತದೆ ಅನ್ನುವುದು ಸ್ವಲ್ಪ ಗೊತ್ತಿದ್ದರೆ ದುಡ್ಡು ಉಳಿಯುತ್ತದೆ. ಕೂತಾಗ ಮೈಭಾರ ಜಾಸ್ತಿ ಬೀಳುವುದು ಕುಂಡೆಯ ಕೆಳಗಿರುವ ಎರಡು ಎಲುಬಿನ ತುದಿಗಳ ಮೇಲೆ. ಗಟ್ಟಿ ಬೆಂಚಿನ ಮೇಲೆ ಅಂಗೈ ಇಟ್ಟು ಅದರ ಮೇಲೆ ಕೂತು ನೋಡಿ, ಆ ಎರಡು ತುದಿ ಸ್ಪಷ್ಟವಾಗಿ ತಾಗುತ್ತವೆ. ಶೋರೂಮಿನಲ್ಲಿ ಕೂತಾಗ 'ಆಹಾ' ಅನ್ನಿಸುವ ಮೆತ್ತನೆಯ ಸೀಟಿನಲ್ಲಿ ಈ ಎಲುಬುಗಳು ಫೋಮ್ ಒಳಗೆ ಇಳಿಯುತ್ತಾ ಹೋಗುತ್ತವೆ. ಒಂದೆರಡು ಗಂಟೆ ಆದಮೇಲೆ ಫೋಮ್ ಪೂರ್ತಿ ಅಮುಕಿಕೊಂಡು, ನೀವು ಕೂತಿರುವುದು ಅಡಿಯ ಪ್ಲಾಸ್ಟಿಕ್ ಮೇಲೆಯೇ ಅನ್ನುವ ಹಾಗಾಗುತ್ತದೆ. ಅಲ್ಲಿ ರಕ್ತ ಸರಿಯಾಗಿ ಓಡಾಡುವುದಿಲ್ಲ. ಮೊದಲು ಉರಿ, ಆಮೇಲೆ ಜುಮು ಜುಮು, ಕೊನೆಗೆ ಜೋಮು. ಜೊತೆಗೆ ಎಷ್ಟೋ ಸೀಟುಗಳು ಟ್ಯಾಂಕಿನ ಕಡೆಗೆ ಇಳಿಜಾರಾಗಿರುತ್ತವೆ. ಘಾಟಿ ಇಳಿಯುವಾಗ ಬ್ರೇಕ್ ಹಿಡಿದಾಗಲೆಲ್ಲ ಮುಂದಕ್ಕೆ ಜಾರುತ್ತೀರಿ, ಮತ್ತೆ ಕೈಯಲ್ಲಿ ಒತ್ತಿ ಹಿಂದೆ ಬರುತ್ತೀರಿ. ದೇವಿಮನೆ ಘಾಟಿ ಇಳಿದು ಕತಗಾಲ ಮುಟ್ಟುವಷ್ಟರಲ್ಲಿ ಮಣಿಕಟ್ಟು ನೋಯುತ್ತದಲ್ಲ, ಅದಕ್ಕೂ ಸೀಟೇ ಕಾರಣ ಆಗಿರಬಹುದು. ಸುಮ್ನೆ ಹ್ಯಾಂಡಲ್ ಬಾರ್ ಬದಲಿಸಲು ಹೋಗಬೇಡಿ.

ಅಂಗಡಿಯವರಿಗೆ "ಅಣ್ಣಾ, ಇನ್ನೂ ಸ್ವಲ್ಪ ಮೆತ್ತಗೆ ಮಾಡಿಕೊಡಿ" ಅಂದೆ. ಅವರು ನಕ್ಕರು. "ಮೆತ್ತಗೆ ಬೇಕಾದ್ರೆ ಮನೇಲಿ ಸೋಫಾ ಇಲ್ವಾ ಹೆಗಡೇರೆ? ಇದು ಗಾಡಿ ಸೀಟು" ಅಂದರು. ಆಮೇಲೆ ಸೀಟು ಮುಟ್ಟಲೇ ಇಲ್ಲ. ಗಾಡಿ ಸ್ಟ್ಯಾಂಡ್ ಹಾಕಿಸಿ, ನನ್ನನ್ನು ಕೂರಿಸಿ, ಹಿಂದೆ ನಿಂತು ನೋಡಿದರು. ಪಕ್ಕಕ್ಕೆ ಬಂದು ಮೊಣಕಾಲು ಎಷ್ಟು ಮಡಚಿದೆ ನೋಡಿದರು. ಸ್ಟ್ಯಾಂಡ್ ತೆಗೆಸಿ, ಕಾಲು ನೆಲಕ್ಕೆ ಪೂರ್ತಿ ಊರುತ್ತದೋ ಇಲ್ಲವೋ ನೋಡಿದರು. ಈ ಅಂಗಡಿಯಲ್ಲಿ ನನಗೆ ಹಿಡಿಸಿದ್ದೇ ಇದು. ಬೇರೆ ಕಡೆ 'ಸೀಟು ಬಿಟ್ಟು ಹೋಗಿ, ಸಂಜೆ ಬನ್ನಿ' ಅಂತಾರೆ. ಯಾರು ಕೂರುತ್ತಾರೆ ಅಂತ ನೋಡದೆ ಸೀಟು ಹೇಗೆ ಮಾಡ್ತಾರೋ!

ಆಮೇಲಿನ ಕೆಲಸವನ್ನು ನೋಡುತ್ತಾ ಕೂರಬಹುದು. ಸೀಟು ತಿರುವಿ ಹಾಕಿ, ಸ್ಕ್ರೂಡ್ರೈವರಿನಿಂದ ಒಂದೊಂದೇ ಪಿನ್ ಎಬ್ಬಿಸಿ, ಅದನ್ನು ಹಳೆಯ ಡಬ್ಬಿಯೊಳಗೆ ಹಾಕುತ್ತಾ ಬಂದರು. ನೆಲಕ್ಕೆ ಬಿದ್ದರೆ ಗಿರಾಕಿಯ ಟಯರಿಗೇ ಹೋಗುತ್ತದಂತೆ. ಅರ್ಧದಷ್ಟು ಪಿನ್ ತುಕ್ಕು ಹಿಡಿದು ಅಲ್ಲೇ ಮುರಿದವು. "ನಿಮ್ಮ ಕರಾವಳಿ ಗಾಡಿ ಅಂದ್ರೆ ಇದೇ ಕಥೆ" ಅಂದರು. ಉಪ್ಪು ಗಾಳಿಯ ಮಹಿಮೆ. ಕವರ್ ಬಿಚ್ಚಿದರೆ ಒಳಗಿನ ಫೋಮ್ ಹಳದಿಯಾಗಿ, ನಾನು ಕೂರುವ ಜಾಗದಲ್ಲಿ ಎರಡು ಗುಳಿ ಬಿದ್ದಿತ್ತು. ಆ ಬರಿ ಫೋಮ್ ಸೀಟನ್ನೇ ಮತ್ತೆ ಗಾಡಿಗೆ ಸಿಕ್ಕಿಸಿ, ನನ್ನನ್ನು ಕೂರಿಸಿ, ಮಾರ್ಕರಿನಲ್ಲಿ ಸುತ್ತ ಗುರುತು ಹಾಕಿದರು. ಗುಳಿ ಇದ್ದ ಭಾಗವನ್ನು ಪೂರ್ತಿ ಕತ್ತರಿಸಿ ತೆಗೆದರು. ಆ ಜಾಗಕ್ಕೆ ರೀಬಾಂಡೆಡ್ ಫೋಮ್, ಅಂದರೆ ಫೋಮಿನ ಚೂರುಗಳನ್ನು ಒತ್ತಿ ಅಂಟಿಸಿ ಮಾಡುವ ಬಣ್ಣ ಬಣ್ಣದ ಗಟ್ಟಿ ಹಲಗೆ ಬರುತ್ತದಲ್ಲ, ಅದನ್ನು ಸೊಲ್ಯೂಷನ್ ಹಚ್ಚಿ ಕೂರಿಸಿದರು. ಅದರ ಮೇಲೆ ಅರ್ಧ ಇಂಚಿನಷ್ಟು ಮೆತ್ತನೆಯ ಫೋಮ್. ಭಾರ ಹೊರುವುದು ಕೆಳಗಿನ ಗಟ್ಟಿ ಪದರ, ಮೇಲಿನದು ಮೈಗೆ ಹಿತವಾಗಲಿ ಅಂತ ಅಷ್ಟೇ. ನನ್ನ ಸೀಟಿನ ಹಿಂಭಾಗ ಅಗಲ ಮಾಡಿ, ಮುಂದೆ ತೊಡೆ ತಾಗುವ ಕಡೆ ಎರಡೂ ಬದಿ ಕೆತ್ತಿದರು. ಗ್ರೈಂಡರಿಗೆ ಸ್ಯಾಂಡಿಂಗ್ ಡಿಸ್ಕ್ ಹಾಕಿ ಉಜ್ಜುವಾಗ ಅಂಗಡಿ ತುಂಬ ಫೋಮಿನ ಪುಡಿ. ಮಧ್ಯೆ ಮಧ್ಯೆ ಮತ್ತೆ ಕೂರಿಸಿ ನೋಡುತ್ತಿದ್ದರು. ಟ್ಯಾಂಕಿನ ಕಡೆಗಿದ್ದ ಇಳಿಜಾರು ಹೋಯಿತು.

ಒಂದು ಮಾತು. ಅಂಗಡಿಯಲ್ಲಿ '40 ಡೆನ್ಸಿಟಿ ಫೋಮ್ ಹಾಕ್ತೀವಿ' ಅಂದರೆ ಗಟ್ಟಿ ಫೋಮ್ ಅಂತ ತಿಳಿಯಬೇಡಿ. ಡೆನ್ಸಿಟಿ ಅಂದರೆ ಒಂದು ಘನ ಮೀಟರ್ ಫೋಮ್ ಎಷ್ಟು ಕಿಲೋ ತೂಗುತ್ತದೆ ಅಂತ ಮಾತ್ರ. ಅದು ಜಾಸ್ತಿ ಇದ್ದಷ್ಟೂ ಫೋಮ್ ಬಾಳಿಕೆ ಬರುತ್ತದೆ, ಬೇಗ ಗುಳಿ ಬೀಳುವುದಿಲ್ಲ. ಗಟ್ಟಿಯೋ ಮೆತ್ತಗೋ ಅನ್ನುವುದು ಬೇರೆಯೇ ಲೆಕ್ಕ. ಒಂದೇ ಡೆನ್ಸಿಟಿಯಲ್ಲಿ ಎರಡೂ ಬರುತ್ತವೆ. ಹಾಗಾಗಿ ಹೆಬ್ಬೆರಳಿನಲ್ಲಿ ಒತ್ತಿ ನೋಡಿ, ಆಗದಿದ್ದರೆ ಮೇಲೆ ಕೂತೇ ನೋಡಿ.

ಮೆಮೊರಿ ಫೋಮ್ ಕೇಳುವವರೂ ತುಂಬಾ ಜನ. 1966ರಲ್ಲಿ ನಾಸಾಗಾಗಿ, ವಿಮಾನದ ಸೀಟಿಗೆ ಅಂತ ಹುಟ್ಟಿದ ಫೋಮ್ ಅದು. ಹಾಸಿಗೆಗೆ ಚೆನ್ನಾಗಿರಬಹುದು. ಆದರೆ ಅದರ ಸ್ವಭಾವ ಬಿಸಿಲು ಚಳಿಗೆ ಬದಲಾಗುತ್ತದೆ. ಡಿಸೆಂಬರಿನಲ್ಲಿ ಶಿರಸಿಯಿಂದ ಬೆಳಗಿನ ಚಳಿಯಲ್ಲಿ ಹೊರಟರೆ ಗಟ್ಟಿ, ಮೇ ತಿಂಗಳಲ್ಲಿ ಕಾರವಾರದ ಮಧ್ಯಾಹ್ನ ಪೂರ್ತಿ ಮೆತ್ತಗೆ. ಬರಿ ಅದನ್ನೇ ಹಾಕಿಸಿದರೆ ಎಲುಬು ಸೀದಾ ಕೆಳಗಿಳಿಯುತ್ತದೆ. ಗಟ್ಟಿ ಫೋಮಿನ ಮೇಲೆ ತೆಳು ಪದರವಾಗಿ ಹಾಕಿಸಿದರೆ ಪರವಾಗಿಲ್ಲ.

ಜೆಲ್ ಪ್ಯಾಡು ಗೆಳೆಯನ ಗಾಡಿಯಲ್ಲಿದೆ. ನೆರಳಿರುವಾಗ ಚೆನ್ನ. ಬೀಚಿನ ಹತ್ತಿರ ಬಿಸಿಲಲ್ಲಿ ನಿಲ್ಲಿಸಿ ಊಟ ಮಾಡಿ ಬಂದು ಕೂತರೆ ಗೊತ್ತಾಗುತ್ತದೆ, ಆ ಕಾವು ಬೇಗ ಇಳಿಯುವುದೇ ಇಲ್ಲ. ಗಾಳಿ ಪ್ಯಾಡು ಮಾತ್ರ ನಿಜವಾಗಿ ಕೆಲಸ ಮಾಡುವ ವಸ್ತು. ಗಾಲಿಕುರ್ಚಿಯಲ್ಲಿ ದಿನವಿಡೀ ಕೂರುವವರಿಗೆ ಹುಣ್ಣಾಗದಿರಲಿ ಅಂತ ಮಾಡುವ ಕುಷನ್ನಿನ ಹಾಗೇ ಒಂದಕ್ಕೊಂದು ಸೇರಿದ ಗಾಳಿ ಗುಳ್ಳೆಗಳು, ಒತ್ತಡ ಎಲ್ಲ ಕಡೆ ಹಂಚಿಹೋಗುತ್ತದೆ. ಆದರೆ ಜನ ಅದನ್ನು ಬಿಗಿಯಾಗಿ ಊದುತ್ತಾರೆ. ಹಾಗೆ ಮಾಡಿದರೆ ಘಾಟಿಯ ತಿರುವಿನಲ್ಲಿ ಮೈ ಅಲುಗಾಡುತ್ತದೆ, ಗಾಡಿ ನಮ್ಮ ಕೈಯಲ್ಲಿ ಇಲ್ಲ ಅನ್ನಿಸುತ್ತದೆ. ಕೂತ ಮೇಲೆ ಗಾಳಿ ಬಿಡುತ್ತಾ ಬಂದು, ಇನ್ನೇನು ಸೀಟಿಗೆ ತಾಗಬೇಕು ಅನ್ನುವಾಗ ನಿಲ್ಲಿಸಬೇಕು. ಶಿವಮೊಗ್ಗದಿಂದ ಆಚೆ ನೇರ ರಸ್ತೆಗೆ ಓಕೆ. ಅರಬೈಲ್ ಘಾಟಿಗೆ ನನಗಂತೂ ಬೇಡ.

ಇನ್ನು ಮಳೆ. ನಮ್ಮ ಕಡೆ ಸೀಟು ಮಾಡಿಸುವವರು ಮೊದಲು ಕೇಳಬೇಕಾದ್ದು ಇದನ್ನೇ. ಸೀಟಿನ ಫೋಮ್ ನೀರು ಕುಡಿಯುತ್ತದೆ. ಡಿಸೈನ್ ಚೆಂದ ಕಾಣಲಿ ಅಂತ ಮೇಲ್ಗಡೆ ಡೈಮಂಡ್ ಹೊಲಿಗೆ ಹಾಕಿಸಿದರೆ ಪ್ರತಿ ಸೂಜಿ ತೂತೂ ನೀರಿಗೆ ದಾರಿ. ಕೂತಾಗ ಗಾಳಿ ಹೊರಗೆ, ಎದ್ದಾಗ ನೀರು ಒಳಗೆ. ಜೂನ್‌ನಲ್ಲಿ ಒಮ್ಮೆ ನೆನೆದ ಸೀಟು ಸೆಪ್ಟೆಂಬರ್ ತನಕ ಒಣಗುವುದಿಲ್ಲ, ಪ್ಯಾಂಟು ನೋಡಿದವರು ಏನೋ ಅಂದುಕೊಳ್ಳುತ್ತಾರೆ. ಅಂಗಡಿಯವರು ನನಗೆ ಕೂರುವ ಜಾಗದಲ್ಲಿ ಒಂದೂ ಹೊಲಿಗೆ ಬರದ ಹಾಗೆ ಕತ್ತರಿಸಿ, ಜೋಡಣೆಯೆಲ್ಲ ಬದಿಗೆ ತಂದರು. ಫೋಮಿಗೂ ಕವರಿಗೂ ಮಧ್ಯೆ ತೆಳು ಪ್ಲಾಸ್ಟಿಕ್ ಹಾಳೆ ಹಾಕಿದರು. ಸ್ಟೇನ್‌ಲೆಸ್ ಸ್ಟೀಲ್ ಪಿನ್ ಹಾಕಿಸಿ, ಬೇಗ ತುಕ್ಕು ಹಿಡಿಯುವುದಿಲ್ಲ. ಅದಕ್ಕೆ ಸ್ವಲ್ಪ ಜಾಸ್ತಿ ದುಡ್ಡು ತಗೊಂಡರು, ಕೊಡಬಹುದು. ಒಂದು ಮಳೆಗಾಲ ಕಳೆದಿದೆ. ಹೊರಗೆ ನಿಂತು ನೆನೆದರೂ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ಪ್ಲಾಸ್ಟಿಕ್ ಇರುವುದರಿಂದ ಬೇಸಿಗೆಯಲ್ಲಿ ಬೆವರುತ್ತದೆ, ಅದು ನಿಜ. ಅದಕ್ಕೆ ಮೇಲೆ ಜಾಳಿಗೆ ಕವರ್ ಹಾಕಿಕೊಂಡಿದ್ದೇನೆ. ಗಾಳಿ ಆಡುತ್ತದೆ, ಮಳೆ ಬಂದರೆ ತೆಗೆದು ಬ್ಯಾಗಿಗೆ ಹಾಕಬಹುದು.

ಫಲ ಏನು? ಈಗಲೂ ಬೆಂಗಳೂರಿಗೆ ಹೋಗಿ ಇಳಿದಾಗ ಸೊಂಟ ಹಿಡಿದಿರುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಕಡೂರಿನಲ್ಲಿ ಶುರುವಾಗುತ್ತಿದ್ದ ಉರಿ ಈಗ ತುಮಕೂರು ಹತ್ತಿರ ಬಂದಾಗ ಮೆಲ್ಲಗೆ ತಲೆ ಎತ್ತುತ್ತದೆ. ಮೊದಲ ಕೆಲವು ದಿನ ಸೀಟು ಗಟ್ಟಿ ಅನ್ನಿಸಿತ್ತು. ಮನೆಯವಳು ಕೂತು, "ಇದಕ್ಕೆ ದುಡ್ಡು ಬೇರೆ ಕೊಟ್ರಾ?" ಅಂದಳು. ಅವಳ ಮಾತಿನಲ್ಲೂ ಅರ್ಥ ಇದೆ. ಹಿಂದಿನ ಸೀಟಿಗೆ ಅಂಗಡಿಯವರು ಅಷ್ಟು ಗಮನ ಕೊಡಲಿಲ್ಲ, ನನ್ನ ಸೀಟು ಅಗಲ ಆಗಿದ್ದಕ್ಕೆ ಅವಳ ಜಾಗ ಚೂರು ಕಮ್ಮಿ ಆಗಿದೆ. ಇಬ್ಬರೂ ಓಡಾಡುವವರಾದರೆ ಇಬ್ಬರೂ ಹೋಗಿ, ಇಬ್ಬರನ್ನೂ ಕೂರಿಸಿ ಅಳತೆ ಮಾಡಿಸಿ.

ಎತ್ತರವೂ ನೋಡಿಕೊಳ್ಳಿ. ನನ್ನ ಸೀಟು ಅರ್ಧ ಇಂಚು ಏರಿದೆ, ಮೊಣಕಾಲಿಗೆ ಒಳ್ಳೆಯದೇ ಆಯಿತು. ಮುಂದೆ ಬದಿ ಕೆತ್ತಿದ್ದರಿಂದ ಕಾಲು ನೆಲಕ್ಕೆ ಸಿಗುತ್ತದೆ. ಗಿಡ್ಡ ಇರುವವರು ಕೆತ್ತಿಸದೆ ಬರಿ ಫೋಮ್ ಏರಿಸಿಕೊಂಡರೆ ಮಳೆಗಾಲದ ಪಾಚಿ ರಸ್ತೆಯಲ್ಲಿ ಕಷ್ಟ.

ಖರ್ಚು ನನಗೆ ಎಲ್ಲ ಸೇರಿ ಎರಡೂವರೆ ಸಾವಿರದ ಒಳಗೆ ಆಯಿತು. ದೂರುಗಳೂ ಇವೆ. 'ನಾಳೆ' ಅಂದರೆ ನಾಳೆ ಅಲ್ಲ, ಅದರ ಆಚೆಯ ನಾಡಿದ್ದೂ ಇರಬಹುದು. ಬಿಲ್ ಕೇಳಿದರೆ ಹಾಳೆ ತುಂಡಿನಲ್ಲಿ ಬರೆದುಕೊಟ್ಟರು. ಕವರಿನ ಹಿಂದಿನ ಮೂಲೆಯಲ್ಲಿ ಒಂದು ಸಣ್ಣ ಸುಕ್ಕು ಉಳಿದಿದೆ, ಹೇಳಿದ್ದಕ್ಕೆ "ಬಿಸಿಲಿಗೆ ಸರಿಯಾಗ್ತದೆ" ಅಂದರು. ಇನ್ನೂ ಆಗಿಲ್ಲ.

ಹೋಗುವುದಾದರೆ ಮಳೆ ಶುರುವಾಗುವ ಮೊದಲೇ ಹೋಗಿ. ಆಮೇಲೆ ಸೊಲ್ಯೂಷನ್ ಸರಿಯಾಗಿ ಒಣಗುವುದಿಲ್ಲ ಅಂತ ಅವರೇ ಕೆಲಸ ಹಿಡಿಯುವುದು ಕಡಿಮೆ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ದಿನಗಳಲ್ಲಂತೂ ಆ ಕಡೆ ತಲೆ ಹಾಕಬೇಡಿ, ಗಾಡಿ ನಿಲ್ಲಿಸಲೂ ಜಾಗ ಸಿಗುವುದಿಲ್ಲ. ಸೀಟು ಮಾತ್ರ ಕಳಚಿ ಬಸ್ಸಿನಲ್ಲಿ ಕಳಿಸುವ ಯೋಚನೆ ಬೇಡ. ಗಾಡಿ ತಗೊಂಡೇ ಹೋಗಿ, ಜೊತೆಗೆ ದೂರ ಹೋಗುವಾಗ ಹಾಕುವ ಪ್ಯಾಂಟು, ಬೂಟು ಹಾಕಿಕೊಂಡೇ ಹೋಗಿ. ಚಪ್ಪಲಿಯಲ್ಲಿ ಹೋದವರ ಕಾಲಿನ ಅಳತೆಯೇ ಬೇರೆ ಬರುತ್ತದೆ ಅಂತ ನನಗಿಂತ ಮುಂಚೆ ಬಂದಿದ್ದ ಒಬ್ಬರನ್ನು ಅವರು ವಾಪಸ್ ಕಳಿಸಿದ್ದನ್ನು ನಾನೇ ನೋಡಿದ್ದೇನೆ.