ನೈರೋಬಿಯಲ್ಲಿ ಉಗಾಲಿಗೆ ಯಾವ ಹಿಟ್ಟು? ನನ್ನ ಓಟು ವಿಂಬಿಗೆ

ಉಗಾಲಿ ಅಂದ್ರೆ ಕೀನ್ಯಾದವರ ಮುದ್ದೆ, ಎಸರಿಗೆ ಹಿಟ್ಟು ಹಾಕಿ ಗಟ್ಟಿಯಾಗಿ ತಿರುವಿ ಮಾಡುವುದು. ಮೊದಲೇ ಹೇಳಿಬಿಡುತ್ತೇನೆ, ನಾನು ವಿಂಬಿ ಪಕ್ಷ. ಬೇರೆ ಹಿಟ್ಟುಗಳನ್ನು ಬೈಯುವಾಗ ಇದು ನಿಮ್ಮ ತಲೆಯಲ್ಲಿರಲಿ. ವಿಂಬಿ ಅಂದ್ರೆ ಬೇರೇನಲ್ಲ, ನಮ್ಮ ರಾಗಿಯೇ. ಇಥಿಯೋಪಿಯಾ, ಉಗಾಂಡ ಕಡೆಯ ಎತ್ತರದ ನೆಲದಲ್ಲಿ ಹುಟ್ಟಿ, ಸಾವಿರಾರು ವರ್ಷಗಳ ಹಿಂದೆ ನಮ್ಮ ಕಡೆಗೆ ಬಂದ ಕಾಳು. ತುಮಕೂರು ಕಡೆ ಮುದ್ದೆ ತಿಂದು ಬೆಳೆದವಳು ನಾನು. ನನ್ನಿಂದ ಸಮಪಾಲಿನ ನ್ಯಾಯ ಬಯಸಬೇಡಿ.

ಹಿಟ್ಟು ಹುಡುಕಿ ಹೊರಟದ್ದಕ್ಕೆ ಕಾರಣ ನಮ್ಮ ಮನೆಯವರ ಶುಗರ್. ಬಾರ್ಡರ್‌ಗೆ ಬಂದಿತ್ತು. ಅನ್ನ ಕಡಿಮೆ ಮಾಡಿ, ಬಿಳಿ ಉಗಾಲಿನೂ ಕಡಿಮೆ ಮಾಡಿ ಅಂದರು ಡಾಕ್ಟರ್. ಹಳೇ ಕಾಲದ ಊಟಕ್ಕೆ ವಾಪಸ್ ಹೋಗಿ ಅಂತ ಇಲ್ಲಿ ಎಲ್ಲರೂ ಹೇಳುತ್ತಾರೆ. ಆದರೆ ಕೀನ್ಯಾದವರು ದಿನಾ ತಿನ್ನುವ ಬಿಳಿ ಉಗಾಲಿ ಅಷ್ಟೇನೂ ಹಳೇದಲ್ಲ. ಮುಸುಕಿನ ಜೋಳ ಅಮೆರಿಕದ ಬೆಳೆ, ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾಕ್ಕೆ ಬಂದದ್ದು. ಅದು ಕೀನ್ಯಾದ ಎಲ್ಲರ ತಟ್ಟೆ ಹಿಡಿದದ್ದು ಬ್ರಿಟಿಷರು ಆಳುತ್ತಿದ್ದಾಗ. ಅದಕ್ಕೂ ಮುಂಚೆ ಇಲ್ಲಿ ಉಣ್ಣುತ್ತಿದ್ದದ್ದು ವಿಂಬಿ ಮತ್ತು ಜೋಳ. ಪಶ್ಚಿಮದ ಕಿಸಿ ಕಡೆಯವರ ಮನೆಗಳಲ್ಲಿ ಈಗಲೂ ಕಂದು ಉಗಾಲಿ ಉಂಟು. ಗಡಿಯಾಚೆ ಉಗಾಂಡದಲ್ಲಿ ಇದನ್ನೇ ಕಾಲೊ ಅಂತಾರೆ.

ನಾನು ತಂದು ನೋಡಿದ್ದು ನಾಲ್ಕು ಬಗೆ. ಸೂಪರ್‌ಮಾರ್ಕೆಟ್ಟಿನ ಬಿಳಿ ಹಿಟ್ಟಿನ ಪ್ಯಾಕೆಟ್, ಪೋಶೋ ಮಿಲ್ ಅನ್ನುವ ಇಲ್ಲಿನ ಹಿಟ್ಟಿನ ಗಿರಣಿಯಲ್ಲಿ ಸಿಪ್ಪೆ ಸಮೇತ ಬೀಸಿದ ಮುಸುಕಿನ ಜೋಳ, ಉಜಿ ಅಂದರೆ ಗಂಜಿಗೆ ಅಂತಲೇ ಮಾರುವ ಮಿಶ್ರಣದ ಹಿಟ್ಟು, ಕಾಳು ಕೊಂಡು ಬೀಸಿಸಿದ ವಿಂಬಿ.

ಬಿಳಿ ಪ್ಯಾಕೆಟ್ಟಿಗೆ ಎರಡು ಒಳ್ಳೆ ಗುಣ. ವಿಂಬಿಗಿಂತ ಅಗ್ಗ, ಮತ್ತು ಬೇಗ ಕೆಡುವುದಿಲ್ಲ. ಸಿಪ್ಪೆ, ಮೊಳಕೆಯ ಭಾಗ ಎರಡನ್ನೂ ತೆಗೆದಿರುತ್ತಾರೆ, ಎಣ್ಣೆಯ ಅಂಶ ಹೋಗಿರುತ್ತದೆ, ಅದಕ್ಕೇ ಹಾಗೆ. ಹೋದದ್ದು ಎಣ್ಣೆ ಮಾತ್ರ ಅಲ್ಲ, ನಾರೂ ಹೋಯಿತು. 2012ರಿಂದ ಪ್ಯಾಕೆಟ್ ಹಿಟ್ಟಿಗೆ ಕಬ್ಬಿಣ, ಸತು, ವಿಟಮಿನ್‌ಗಳನ್ನು ಸೇರಿಸಲೇಬೇಕು ಅಂತ ಕಾನೂನು ಇದೆ. ಇದೊಂದು ವಿಷಯದಲ್ಲಿ ಅದು ಮಿಲ್‌ನ ಹಿಟ್ಟಿಗಿಂತ ಮೇಲು. ರುಚಿ? ಸಾರು ಇದ್ದರೆ ಗಂಟಲಲ್ಲಿ ಇಳಿಯುತ್ತದೆ, ಅಷ್ಟೇ.

ಸಿಪ್ಪೆ ಸಮೇತ ಬೀಸಿದ್ದು ರುಚಿಯಲ್ಲಿ ಬಹಳ ವಾಸಿ. ಬಿಸಿ ಬಿಸಿ ಉಗಾಲಿಯಲ್ಲಿ ಹಸಿ ತೆನೆ ಸುಟ್ಟ ಪರಿಮಳ ಬರುತ್ತದೆ. ಆದರೆ ಬೇಗ ಕಹಿಯಾಗುತ್ತದೆ, ಸ್ವಲ್ಪ ಸ್ವಲ್ಪವೇ ಬೀಸಿಸಿಕೊಳ್ಳಬೇಕು. ನನ್ನನ್ನು ಹಿಂದಕ್ಕೆ ಎಳೆದದ್ದು ಇದಲ್ಲ, ಅಫ್ಲಾಟಾಕ್ಸಿನ್. ಸರಿಯಾಗಿ ಒಣಗದ ಕಾಳಿನಲ್ಲಿ ಬೂಷ್ಟು ಬಿಡುವ ವಿಷ ಅದು. 2004ರಲ್ಲಿ ಕೀನ್ಯಾದ ಪೂರ್ವಕ್ಕಿರುವ ಮಕುವೇನಿ, ಕಿಟುಯಿ ಕಡೆ ಇಂಥ ಮುಸುಕಿನ ಜೋಳ ತಿಂದು 317 ಜನ ಕಾಯಿಲೆ ಬಿದ್ದರು, 125 ಜನ ಸತ್ತರು. ಬೇಯಿಸಿದರೆ ಹೋಗುವಂಥದ್ದಲ್ಲ, ಕಣ್ಣಿಗೆ ಕಾಣುತ್ತದೆ ಅನ್ನುವಂತೆಯೂ ಇಲ್ಲ. ಪ್ಯಾಕೆಟ್ ಹಿಟ್ಟಿನಲ್ಲೂ ಇದು ಸಿಕ್ಕಿದ್ದುಂಟು. 2019ರಲ್ಲಿ ಐದು ಬ್ರ್ಯಾಂಡ್‌ಗಳ ಮಾರಾಟ ನಿಲ್ಲಿಸಿದ್ದರು. ಆದರೂ ಸಂತೆಯಲ್ಲಿ ತಗಡಿನ ಡಬ್ಬಿಯಲ್ಲಿ ಅಳೆದು ಕೊಡುವ ಮುಸುಕಿನ ಜೋಳ ಯಾರ ಕಣಜದಲ್ಲಿ ಎಷ್ಟು ದಿನ ನೆನೆದಿತ್ತೋ ಯಾರಿಗೆ ಗೊತ್ತು. ರಾಗಿ ಕಾಳು ಸಣ್ಣದು, ಬೇಗ ಒಣಗುತ್ತದೆ. ಹುಳು ಬೀಳದೆ ವರ್ಷಗಟ್ಟಲೆ ಇರುತ್ತದೆ ಅನ್ನೋದು ನಮ್ಮ ಹಗೇವಿನ ಕಾಲದಿಂದಲೂ ಗೊತ್ತಿದ್ದದ್ದೇ.

ಉಜಿ ಮಿಶ್ರಣದ ಬಗ್ಗೆ ಒಂದೇ ಮಾತು: ಚೀಟಿಯ ಹಿಂಬದಿ ಓದಿ. ಮುಂದೆ ದೊಡ್ಡದಾಗಿ ವಿಂಬಿ ಅಂತ ಇರುತ್ತದೆ, ಹಿಂದೆ ಮುಸುಕಿನ ಜೋಳ, ಮರಗೆಣಸು, ಸೋಯಾ ಎಲ್ಲ ಇರುತ್ತವೆ.

ಈಗ ನನ್ನ ವಿಂಬಿಯ ಕಥೆಗೆ ಬರೋಣ. ಇದರಲ್ಲೂ ಒಂದು ತಲೆನೋವಿದೆ, ಸಣ್ಣದಲ್ಲ.

ಕಾಳು ತಂದು ತೊಳೆದೆ. ಮಣ್ಣು, ಸಣ್ಣ ಕಲ್ಲು ಪಾತ್ರೆಯ ತಳದಲ್ಲಿ ಒಂದು ಪದರ ನಿಂತಿತ್ತು. ನೀರು ತಿಳಿಯಾಗುವವರೆಗೆ ಜಾಲಿಸಿ, ಟೆರೇಸ್ ಮೇಲೆ ಚಾಪೆ ಹಾಸಿ ಒಣಗಿಸಿ, ಹತ್ತಿರದ ಪೋಶೋ ಮಿಲ್‌ಗೆ ಕಳಿಸಿದೆ. ಹಿಟ್ಟು ಬಂತು. ಬಣ್ಣ ಚೆನ್ನಾಗಿತ್ತು, ನುಣುಪೂ ಚೆನ್ನಾಗಿತ್ತು. ಆಗ ಊರಿಂದ ಅತ್ತೆ ಬಂದಿದ್ದರು. ಎಸರಿಗೆ ಹಿಟ್ಟು ಹಾಕಿದ್ದೇ ತಡ, ಸೆರಗು ಮೂಗಿಗೆ ಹಿಡಿದರು. "ಏನೇ ಇದು, ಮೀನಿನ ವಾಸನೆ ಹೊಡೀತಿದೆ!"

ಹೌದು, ಮೀನೇ. ಒಮೆನಾ ಅಂತ ವಿಕ್ಟೋರಿಯಾ ಸರೋವರದ ಬೆರಳುದ್ದದ ಮೀನು, ಒಣಗಿಸಿ ಮಾರುತ್ತಾರೆ. ಮಕ್ಕಳ ಗಂಜಿ ಹಿಟ್ಟಿಗೆ ಶಕ್ತಿ ಬರಲಿ ಅಂತ ಅದನ್ನೂ ಕಾಳಿನ ಜೊತೆ ಬೀಸಿಸುವವರಿದ್ದಾರೆ. ಒಳ್ಳೆಯ ಆಹಾರವೇ, ತಿನ್ನುವವರಿಗೆ. ನಮ್ಮದು ಮೊಟ್ಟೆಯನ್ನೂ ತಾರದ ಮನೆ. ಅಷ್ಟೂ ಹಿಟ್ಟು ಕೆಳಮನೆಯವರಿಗೆ ಹೋಯಿತು. ಅತ್ತೆ ಇಲ್ಲಿರುವಷ್ಟು ದಿನ ಆ ಪಾತ್ರೆಯಲ್ಲಿ ಕಾಫಿಗೆ ನೀರು ಸಹ ಕಾಯಿಸಗೊಡಲಿಲ್ಲ.

ಮಿಲ್‌ನವನನ್ನು ಕೇಳಿದರೆ "ಪೋಲೆ ಸಾನಾ, ಮಾಮಾ" ಅಂದ. ತುಂಬಾ ಸಾರಿ ಅಮ್ಮ, ಅಂತ. ಆಮೇಲೆ ಯಂತ್ರವನ್ನೇ ತೋರಿಸಿದ. ನಮ್ಮೂರಿನ ಗಿರಣಿಯ ಹಾಗೆ ಕಲ್ಲು ಇಲ್ಲ ಅದರಲ್ಲಿ. ಉಕ್ಕಿನ ಪಟ್ಟಿಗಳು ಗಿರಗಿರನೆ ತಿರುಗುತ್ತಾ ಕಾಳನ್ನು ಬಡಿದು ಪುಡಿ ಮಾಡುತ್ತವೆ. ಪುಡಿ ಜಾಲರಿ ದಾಟಿ, ಕೊಳವೆಯಲ್ಲಿ ಗಾಳಿಗೆ ಹಾರಿ, ಉದ್ದನೆಯ ಬಟ್ಟೆ ಚೀಲದಲ್ಲಿ ಇಳಿಯುತ್ತದೆ. ಆ ಬಟ್ಟೆಯನ್ನು ಒಂದು ಸಲ ಜಾಡಿಸಿದ ನೋಡಿ, ಮೂರು ಬಣ್ಣದ ಹಿಟ್ಟು ಉದುರಿತು. ಹಿಂದಿನವರದ್ದು ಎಷ್ಟು ನಮ್ಮ ಪಾಲಿಗೆ ಬರುತ್ತದೆ ಅಂತ ಆಗ ಗೊತ್ತಾಯಿತು.

ಈಗ ಹೀಗೆ ಮಾಡುತ್ತೇನೆ. ಬೆಳಿಗ್ಗೆ ಮಿಲ್ ತೆರೆಯುವ ಹೊತ್ತಿಗೇ ನಾನೇ ಹೋಗುತ್ತೇನೆ. ನನ್ನದೇ ಒಂದಿಷ್ಟು ಅಗ್ಗದ ಮುಸುಕಿನ ಜೋಳ ಮೊದಲು ಹಾಕಿಸುತ್ತೇನೆ. ಅದು ಕೊಳವೆ, ಬಟ್ಟೆ ಎಲ್ಲ ಸವರಿಕೊಂಡು ಬರುತ್ತದೆ. ಆ ಹಿಟ್ಟನ್ನು ಕೋಳಿ ಸಾಕುವವರು ಖುಷಿಯಿಂದ ಒಯ್ಯುತ್ತಾರೆ. ಆಮೇಲೆ ವಿಂಬಿ. ಅದರ ಮೊದಲ ಎರಡು ಬೊಗಸೆಯನ್ನೂ ಬೇರೆ ತೆಗೆದಿಡುತ್ತೇನೆ. ಬಿಸಿ ಹಿಟ್ಟನ್ನು ಹಾಗೇ ಡಬ್ಬಿಗೆ ತುಂಬಬೇಡಿ, ಬೆವೆತು ಗಂಟು ಕಟ್ಟುತ್ತದೆ. ಮನೆಗೆ ತಂದು ಬಟ್ಟೆ ಮೇಲೆ ಹರವಿ, ಆರಿದ ಮೇಲೆ ತುಂಬಿ. ಇಷ್ಟೆಲ್ಲ ರಗಳೆ ಯಾಕೆ ಅಂತ ನಮ್ಮ ಮನೆಯವರು ಗೊಣಗುತ್ತಾರೆ, ಮುದ್ದೆ ಮುಂದೆ ಬಂದಾಗ ಸುಮ್ನಾಗುತ್ತಾರೆ.

ಲಾಭ ಏನು? 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇರುತ್ತದೆ. ಬಿಳಿ ಹಿಟ್ಟಿನಲ್ಲಿ ಅದು ಇಲ್ಲವೆಂದೇ ಹೇಳಬೇಕು. ನಾರೂ ಜಾಸ್ತಿ. ಆದರೆ ರಾಗಿ ಅಂದ ಕೂಡಲೇ ಶುಗರ್ ಇಳಿಯುತ್ತದೆ ಅಂದುಕೊಳ್ಳಬೇಡಿ. ನುಣ್ಣನೆ ಹಿಟ್ಟಿನ ತೆಳು ಗಂಜಿ ಕುಡಿದರೆ ಸಕ್ಕರೆ ಬೇಗನೇ ಏರುತ್ತದೆ, ಅದಕ್ಕೆ ಇಲ್ಲಿನವರ ಹಾಗೆ ಚಮಚಗಟ್ಟಲೆ ಸಕ್ಕರೆ ಸುರಿದರಂತೂ ಮುಗಿಯಿತು. ಮನೆಯಲ್ಲಿ ಮೀಟರ್ ಹಿಡಿದು ನಾವೇ ನೋಡಿದ್ದೇವೆ: ಸಿಹಿ ಉಜಿ ಕುಡಿದ ಬೆಳಿಗ್ಗೆಗಿಂತ, ಸ್ವಲ್ಪ ತರಿಯಾದ ಹಿಟ್ಟಿನ ಚಿಕ್ಕ ಮುದ್ದೆ, ತಟ್ಟೆ ತುಂಬ ಸೊಪ್ಪು ತಿಂದ ಮಧ್ಯಾಹ್ನ ಎಷ್ಟೋ ಮೇಲು.

ಸೊಪ್ಪಿನ ವಿಷಯದಲ್ಲಿ ನೈರೋಬಿ ಸ್ವರ್ಗ. ಮನಗು ಅಂತ ಮಾರುವುದು ನಮ್ಮ ಗಣಿಕೆ ಸೊಪ್ಪಿನ ಬಳಗದ್ದೇ. ತೆರೆರೆ ಅಂದ್ರೆ ದಂಟಿನ ಸೊಪ್ಪು. ಕುಂದೆ, ಅಲಸಂದೆ ಗಿಡದ ಎಲೆ. ಮನಗುವಿನ ಕಹಿ ಹೋಗಲಿ ಅಂತ ಇಲ್ಲಿ ಹಾಲು ಹಾಕಿ ಬೇಯಿಸುತ್ತಾರೆ. ನಾನು ಅದನ್ನೇ ಬಸ್ಸಾರು ಮಾಡುತ್ತೇನೆ. ತರಕಾರಿ ಮಾರುವ ಹೆಂಗಸು ಈಗ ನನಗೆ ಕೇಳದೆಯೇ ಎರಡು ಕಟ್ಟು ಎತ್ತಿಡುತ್ತಾಳೆ.

ಇನ್ನು ದುಡ್ಡು. ವಿಂಬಿ ಕಾಳಿಗೆ ಮುಸುಕಿನ ಜೋಳಕ್ಕಿಂತ ಜಾಸ್ತಿ ಬೆಲೆ, ಬೀಸುವ ಕೂಲಿ, ಮಿಲ್ ತೊಳೆಯಲು ಹಾಕುವ ಜೋಳ ಬೇರೆ. 2022ರಲ್ಲಿ ಬಿಳಿ ಹಿಟ್ಟಿನ 2 ಕಿಲೋ ಪ್ಯಾಕೆಟ್ 200 ಶಿಲ್ಲಿಂಗ್ ದಾಟಿದಾಗ ವ್ಯತ್ಯಾಸ ಅಷ್ಟಾಗಿ ಕಾಣಲಿಲ್ಲ. ಈಗ ಕಾಣುತ್ತದೆ. ನಾವು ಅಕ್ಕಿ ಅರ್ಧ ಮಾಡಿ ಸರಿದೂಗಿಸಿಕೊಂಡಿದ್ದೇವೆ. ಮಕ್ಕಳು ದೊಡ್ಡದಾಗಿರುವ, ದಿನಾ ಎರಡು ಹೊತ್ತೂ ಉಗಾಲಿ ಬೇಕಾದ ಮನೆಗೆ ಇದು ಭಾರ. ಅಂಥವರು ಬಿಳಿ ಹಿಟ್ಟಿಗೆ ಮೂರರಲ್ಲೊಂದು ಪಾಲು ವಿಂಬಿ ಬೆರೆಸಲಿ. ಉಗಾಲಿ ತಿಳಿ ಕಂದು ಬರುತ್ತದೆ, ರುಚಿಗೆ ಏನೂ ಮೋಸ ಇಲ್ಲ.

ಟೆರೇಸ್ ಇಲ್ಲದವರು ಬರೀ ವಿಂಬಿಯ ಪ್ಯಾಕೆಟ್ ಸಿಕ್ಕರೆ ಅದನ್ನೇ ತನ್ನಿ. ಜೂನ್‌ನಿಂದ ಆಗಸ್ಟ್‌ವರೆಗೆ ನಾನೂ ಅದನ್ನೇ ತರುವುದು. ಆ ಚಳಿ ಮೋಡದಲ್ಲಿ ತೊಳೆದ ಕಾಳು ಒಣಗುವುದೇ ಇಲ್ಲ, ಮುಗ್ಗಲು ಹಿಡಿಯುತ್ತದೆ.