ಖೋಟಾನೋಟು ಅಪೀಲು: ಅಪರಾಧವನ್ನೇ ಪ್ರಶ್ನಿಸುವುದೋ, ಶಿಕ್ಷೆ ಇಳಿಸಲು ಕೇಳುವುದೋ?

ಮಂಗಳೂರು ಅಥವಾ ಉಡುಪಿಯ ಸೆಷನ್ಸ್ ಕೋರ್ಟ್ ಶಿಕ್ಷೆ ಕೊಟ್ಟರೆ ಅಪೀಲು ಬೆಂಗಳೂರಿನ ಹೈಕೋರ್ಟಿಗೆ. ಗಡುವು 60 ದಿನ. ರಾಷ್ಟ್ರೀಯ ತನಿಖಾ ದಳದ (ಎನ್‌ಐಎ) ಕೇಸು ನಡೆಸುವ ವಿಶೇಷ ಕೋರ್ಟಿನ ತೀರ್ಪಾದರೆ 30 ದಿನ ಮಾತ್ರ. ಜೈಲು ಶಿಕ್ಷೆಯಾದವರಿಗೆ ತೀರ್ಪಿನ ಪ್ರತಿ ಉಚಿತ, ಅಂದೇ ಕೇಳಿ ಪಡೆಯಿರಿ.

ಅಪರಾಧವನ್ನೇ ಪ್ರಶ್ನಿಸುವ ದಾರಿ ಗಟ್ಟಿಯಾಗುವುದು ‘ಗೊತ್ತಿತ್ತು’ ಎಂಬುದಕ್ಕೆ ಸಾಕ್ಷ್ಯ ಸಾಲದಿದ್ದಾಗ. ಹಳೆಯ ದಂಡ ಸಂಹಿತೆಯಾದ ಐಪಿಸಿಯ 489ಬಿ (ಖೋಟಾನೋಟು ಚಲಾಯಿಸುವುದು), 489ಸಿ (ಚಲಾಯಿಸಲು ಇಟ್ಟುಕೊಳ್ಳುವುದು) ಕಲಂಗಳು (ಈಗ ಹೊಸ ಸಂಹಿತೆ ಬಿಎನ್‌ಎಸ್‌ನ 179, 180) ಎರಡಕ್ಕೂ ನೋಟು ಖೋಟಾ ಎಂಬ ಅರಿವು, ಇಲ್ಲವೇ ಹಾಗೆ ನಂಬಲು ಕಾರಣ ಇರಲೇಬೇಕು. ಮಾವಿನಹಣ್ಣಿಗೆ 100 ರೂಪಾಯಿಯ ಖೋಟಾನೋಟು ಕೊಟ್ಟ ವಿದ್ಯಾರ್ಥಿಯನ್ನು 2001ರಲ್ಲಿ ಸುಪ್ರೀಂ ಕೋರ್ಟ್ ಬಿಡುಗಡೆ ಮಾಡಿದ್ದು ಇದೇ ಕಾರಣಕ್ಕೆ. ಮಹಜರನ್ನು (ನೋಟು ವಶಪಡಿಸಿಕೊಂಡಾಗ ಪೊಲೀಸರು ಬರೆದ ದಾಖಲೆ) ಸಾಲುಸಾಲಾಗಿ ಓದಿ: ಪ್ರತಿ ನೋಟಿನ ನಂಬರ್ ಬರೆದಿದ್ದಾರೆಯೇ, ಸ್ಥಳದಲ್ಲೇ ಸೀಲ್ ಹಾಕಿದ್ದಾರೆಯೇ, ತಜ್ಞರ ವರದಿಯಲ್ಲಿರುವುದು ಅದೇ ನಂಬರೇ? ಇಲ್ಲಿ ತಾಳೆಯಾಗದಿದ್ದರೆ ಕೇಸಿನ ಬುಡವೇ ಅಲುಗಾಡುತ್ತದೆ. ಆದರೆ ಒಂದೇ ನಂಬರಿನ ಹತ್ತಾರು ನೋಟು ಸಿಕ್ಕಿದ್ದರೆ ‘ಗೊತ್ತಿರಲಿಲ್ಲ’ ಎಂಬ ವಾದ ನಿಲ್ಲುವುದು ಬಹಳ ಕಷ್ಟ.

ಆಗ ಶಿಕ್ಷೆ ಇಳಿಸಲು ಕೇಳುವುದೇ ವಾಸಿ. 489ಬಿಗೆ ಜೀವಾವಧಿಯವರೆಗೂ ಶಿಕ್ಷೆಯಿದೆ, ಕನಿಷ್ಠ ಮಿತಿಯಿಲ್ಲ. ನೋಟು ಚಲಾಯಿಸಿದ್ದು ಸಾಬೀತಾಗದಿದ್ದರೆ 489ಸಿಗೆ ಇಳಿಯಬಹುದು, ಅಲ್ಲಿ ಗರಿಷ್ಠ 7 ವರ್ಷ. ಅಪರಾಧಿಯೇ ಹಾಕಿದ ಅಪೀಲಿನಲ್ಲಿ ಶಿಕ್ಷೆ ಹೆಚ್ಚುವುದಿಲ್ಲ, ಸರ್ಕಾರ ಬೇರೆ ಅಪೀಲು ಹಾಕಿದರೆ ಆ ಭಯವಿದೆ. ಆದರೆ ಶಿಕ್ಷೆ ಇಳಿದರೂ ಅಪರಾಧಿ ಎಂಬ ಕಳಂಕವಂತೂ ಉಳಿಯುತ್ತದೆ.

ನಮ್ಮ ಸಲಹೆ: ಒಂದೇ ಅಪೀಲು ಅರ್ಜಿಯಲ್ಲಿ (ಮೆಮೊ) ಬಿಡುಗಡೆಯನ್ನು ಮುಖ್ಯವಾಗಿ, ಶಿಕ್ಷೆ ಕಡಿತವನ್ನು ಪರ್ಯಾಯವಾಗಿ ಕೇಳಿ. ಅಪೀಲು ಮುಗಿಯುವವರೆಗೆ ಶಿಕ್ಷೆ ತಡೆಹಿಡಿಯಲು ಕೋರುವ ಶಿಕ್ಷೆ ಅಮಾನತಿನ ಅರ್ಜಿಯನ್ನೂ ಜೊತೆಗೇ ಹಾಕಿ.