ದೊಡ್ಡಮ್ಮನ ಆಸ್ತಿಪಟ್ಟಿ ಮಾಡಿಕೊಟ್ಟ ಮೌಲ್ಯಮಾಪಕರ ಸೇವೆ

ಮಕ್ಕಳಿಲ್ಲದ ನಮ್ಮ ದೊಡ್ಡಮ್ಮ ಉಯಿಲಿನಲ್ಲಿ ನನ್ನನ್ನೇ ನಿರ್ವಾಹಕನನ್ನಾಗಿ ನೇಮಿಸಿದ್ದರಿಂದ, ಅವರು ತೀರಿಕೊಂಡ ಮೇಲೆ ಪ್ರೊಬೇಟ್‌ಗಾಗಿ, ಅಂದರೆ ಉಯಿಲು ಸಾಚಾ ಎಂದು ನ್ಯಾಯಾಲಯ ಕೊಡುವ ದೃಢೀಕರಣಕ್ಕಾಗಿ, ಮೈಸೂರಿನ ಜಿಲ್ಲಾ ನ್ಯಾಯಾಲಯಕ್ಕೆ ಅರ್ಜಿ ಹಾಕುವ ಹೊಣೆ ನನ್ನ ಮೇಲೆ ಬಿತ್ತು. ಆಸ್ತಿಯ ಅಂದಾಜು ಮೊತ್ತವನ್ನು ಅರ್ಜಿಯಲ್ಲೇ ತಿಳಿಸಬೇಕು. ಪ್ರೊಬೇಟ್ ಸಿಕ್ಕ 6 ತಿಂಗಳೊಳಗೆ ಪೂರ್ಣ ಆಸ್ತಿಪಟ್ಟಿಯನ್ನೂ 1 ವರ್ಷದೊಳಗೆ ಲೆಕ್ಕಪತ್ರವನ್ನೂ ಸಲ್ಲಿಸಬೇಕೆಂದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 317ನೇ ಸೆಕ್ಷನ್ ಹೇಳುತ್ತದೆ. ಹಾಗಾಗಿ ವಕೀಲರ ಸಲಹೆಯಂತೆ ಒಂದು ಮೌಲ್ಯಮಾಪಕರ ಕಚೇರಿಗೆ ಕೆಲಸ ಒಪ್ಪಿಸಿದೆವು. ಅಲ್ಲಿ ಕಟ್ಟಡಕ್ಕೆ ಎಂಜಿನಿಯರ್, ಒಡವೆಗೆ ಬೇರೆ ಮೌಲ್ಯಮಾಪಕರು ಇದ್ದರು.

ಒಡವೆಯ ಕೆಲಸವನ್ನು ನಾನು ಮನಸಾರೆ ಮೆಚ್ಚಿಕೊಳ್ಳುತ್ತೇನೆ. ದೊಡ್ಡಮ್ಮನ ಗುಂಡಿನ ಸರವನ್ನು ತಕ್ಕಡಿಗಿಟ್ಟಾಗ 42 ಗ್ರಾಂ ತೋರಿಸಿತು. ಮನೆಯವರೆಲ್ಲ ಅದನ್ನೇ ಚಿನ್ನದ ತೂಕವೆಂದು ನಂಬಿದ್ದೆವು. ಆದರೆ ಒಡವೆಯ ಆ ಹಿರಿಯ ಮೌಲ್ಯಮಾಪಕರು ಒಂದು ಗುಂಡನ್ನು ಬೆಳಕಿಗೆ ಹಿಡಿದು, ದಾರ ಪೋಣಿಸುವ ತೂತಿನ ಅಂಚಿನಲ್ಲಿ ಕೆಂಪಗೆ ಕಾಣುತ್ತಿದ್ದ, ಗುಂಡಿನೊಳಗೆ ತುಂಬಿದ್ದ ಅರಗನ್ನು ನಮಗೆ ತೋರಿಸಿ, ಅದರ ತೂಕವನ್ನು ಕಳೆದು 31 ಗ್ರಾಂ ಎಂದು ಬರೆದರು. ಕೊಂಡಾಗ ಕೊಟ್ಟ ಕೂಲಿ, ವೇಸ್ಟೇಜ್ ಯಾವುದನ್ನೂ ಬೆಲೆಗೆ ಸೇರಿಸಲಿಲ್ಲ. ಪ್ರತಿ ಒಡವೆಗೂ ಒಟ್ಟು ತೂಕ, ನಿವ್ವಳ ತೂಕ, ಕ್ಯಾರೆಟ್, ಯಾವ ದಿನದ ದರ ಎಂಬುದನ್ನು ಬೇರೆ ಬೇರೆಯಾಗಿ ನಮೂದಿಸಿ, ಪಕ್ಕದಲ್ಲೇ ಫೋಟೊ ಅಂಟಿಸಿಕೊಟ್ಟರು. ಪಾಲಿನ ವಿಷಯದಲ್ಲಿ ಅನುಮಾನವಿದ್ದ ನಮ್ಮ ಅತ್ತೆಯೂ ಆ ಪಟ್ಟಿಯನ್ನು ಓದಿದ ಮೇಲೆ ಮರುಮಾತಾಡಲಿಲ್ಲ.

ಮನೆಯ ವಿಷಯದಲ್ಲಿ ಮಾತ್ರ ಮೊದಲ ವರದಿ ನಿರಾಸೆ ತಂದಿತು. ಖಾತಾದಲ್ಲಿದ್ದ 40×60 ಅಳತೆಯನ್ನೇ ಎಂಜಿನಿಯರ್ ಇಳಿಸಿಕೊಂಡಿದ್ದರು. ರಸ್ತೆಗೆ ಬಿಟ್ಟುಕೊಟ್ಟ ಮೇಲೆ ಸ್ಥಳದಲ್ಲಿ ಉಳಿದಿರುವುದು 40×56 ಅಡಿ. ನ್ಯಾಯಾಲಯಕ್ಕೆ ಪ್ರಮಾಣಪತ್ರದೊಂದಿಗೆ ಹೋಗುವ ಅಂಕಿ ಹೀಗೆ ತಪ್ಪುವುದು ಸಣ್ಣ ಮಾತಲ್ಲ. ಹೇಳಿದ ಮೇಲೆ ಟೇಪು ಹಿಡಿದು ಅಳೆದು, ಉಪನೋಂದಣಿ ಕಚೇರಿಯ ಮಾರ್ಗಸೂಚಿ ದರವನ್ನೂ ಅಕ್ಕಪಕ್ಕದ ಮಾರಾಟದ ಬೆಲೆಯನ್ನೂ ಎದುರುಬದುರು ಇಟ್ಟು, ಕಟ್ಟಡದ ವಯಸ್ಸಿಗೆ ತಕ್ಕ ಸವಕಳಿ ಕಳೆದು ಹೊಸ ವರದಿ ಕೊಟ್ಟರು. ಇದಕ್ಕೆ ಹೆಚ್ಚಿನ ಹಣ ಕೇಳಲಿಲ್ಲ, ಆದರೆ ಮೂರು ವಾರ ಕಳೆದುಹೋಯಿತು.

ನಾಮಿನಿಯ ಹೆಸರಿದ್ದ ಠೇವಣಿಗಳನ್ನು ಪಟ್ಟಿಯಿಂದ ಬಿಡೋಣವೆಂದು ನಾನೇ ಹೇಳಿದ್ದೆ. ನಾಮಿನಿ ಹಣ ಪಡೆದುಕೊಳ್ಳುವವನಷ್ಟೇ, ವಾರಸುದಾರನಲ್ಲ ಎಂದು ಕಚೇರಿಯವರು ವಿವರಿಸಿ ಅವನ್ನೂ ಸೇರಿಸಿದರು. ಬೀರುವಿನಲ್ಲಿ ಸಿಕ್ಕ ಹಳೆಯ ಪಾಸ್‌ಬುಕ್ಕಿನ ಜಾಡು ಹಿಡಿಯಲು ಯಾರೂ ಕೇಳದೆ ಉಳಿದ ಠೇವಣಿಗಳನ್ನು ಹುಡುಕಲು ಇರುವ ರಿಸರ್ವ್ ಬ್ಯಾಂಕಿನ ಉದ್ಗಮ್ ಪೋರ್ಟಲ್‌ನಲ್ಲಿ ಹುಡುಕುವಂತೆ ಸೂಚಿಸಿದವರೂ ಅವರೇ. 10 ವರ್ಷ ಯಾರೂ ಕೇಳದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋದರೂ ವಾರಸುದಾರರು ಬ್ಯಾಂಕಿನ ಮೂಲಕ ಅದನ್ನು ಕೇಳಿ ಪಡೆಯಬಹುದು ಎಂಬುದು ನಮಗೆ ಗೊತ್ತಾದದ್ದು ಆಗಲೇ.

ತಾಮ್ರದ ಹಂಡೆ, ಹಿತ್ತಾಳೆ ಪಾತ್ರೆಗಳನ್ನು ಒಟ್ಟಿಗೆ ತೂಗಿ ಒಂದೇ ಸಾಲಿನಲ್ಲಿ ಮುಗಿಸಿದರು. ದೊಡ್ಡಮ್ಮ ನುಡಿಸುತ್ತಿದ್ದ ವೀಣೆಗೆ ಮಾತ್ರ ತಮಗೆ ಬೆಲೆ ಕಟ್ಟಲು ಬಾರದೆಂದು ಒಪ್ಪಿಕೊಂಡು, ವಾದ್ಯ ತಯಾರಿಸುವವರ ಬಳಿ ಕಳುಹಿಸಿದರು. ಮತ್ತೊಮ್ಮೆ ಇಂಥ ಕೆಲಸ ಬಂದರೆ ನಾನು ಇವರಲ್ಲಿಗೇ ಹೋಗುತ್ತೇನೆ. ನಿವೇಶನವನ್ನು ಅಳೆಯುವ ದಿನ ಮಾತ್ರ ತಪ್ಪದೆ ಜೊತೆಗೆ ನಿಂತಿರುತ್ತೇನೆ.